ಹದಿನೆಂಟಕ್ಕಿಟ್ಟರೂ ಅದೇ ಸೆಕೆ!

"ನಿಮ್ಮಪ್ಪ ಎರಡು ರಾತ್ರಿಯಿಂದ ನಿದ್ದೆ ಮಾಡಿಲ್ಲ ಕಣೇ. ನಿಂಗೆ ಹೇಳ್ಬೇಡ ಅಂದಿದಾರೆ. ನಾನು ಹೇಳ್ದೆ ಅನ್ಬೇಡ ಮತ್ತೆ!"

ಅಜ್ಜಂಪುರದ ಚಿಕ್ಕಮ್ಮ ಫೋನ್ ಮಾಡಿದಾಗ ನಾನು ಬೆಂಗಳೂರಿನ ಆಫೀಸ್ ಕ್ಯಾಂಟೀನಿನಲ್ಲಿದ್ದೆ. ಏಪ್ರಿಲ್ ತಿಂಗಳು. ತರೀಕೆರೆಯವರಿಗಾದರೆ ಓಡಿಹೋಗೋಕೆ ಪಕ್ಕದಲ್ಲೇ ಕೆಮ್ಮಣ್ಣುಗುಂಡಿ ಇದೆ. ನಮ್ಮ ಕಡೂರು ಬಯಲುಸೀಮೆ. ಹಗಲೆಲ್ಲ ಕಾದ ತಾರಸಿ ಮಧ್ಯರಾತ್ರಿಯವರೆಗೂ ಬಿಸಿ ಕಾರುತ್ತದೆ. ಅಪ್ಪನಿಗೆ ಸ್ಟೆಂಟ್ ಹಾಕಿದ ಮೇಲೆ "ಸೆಕೆಯಲ್ಲಿ ಮಲಗಬೇಡಿ" ಅಂತ ಡಾಕ್ಟರ್ ಹೇಳಿದ್ದಕ್ಕೇ ನಾನು ಕಂತಿನ ಮೇಲೆ ಎಸಿ ಹಾಕಿಸಿದ್ದು.

ತಕ್ಷಣ ವಿಡಿಯೊ ಕಾಲ್ ಮಾಡಿದೆ. ಅಪ್ಪ ಜಗಲಿಯಲ್ಲಿ ಪೇಪರ್ ಬೀಸಿಕೊಳ್ತಾ ಕೂತಿದ್ರು.

"ಎಸಿ ಯಾಕಪ್ಪ ಹಾಕ್ಕೊಂಡಿಲ್ಲ?"

"ಹದಿನೆಂಟಕ್ಕಿಟ್ರೂ ಅಷ್ಟೇ, ಇಪ್ಪತ್ತೆಂಟಕ್ಕಿಟ್ರೂ ಅಷ್ಟೇ ಕಣಮ್ಮ. ನಿನ್ ಕೆಲಸ ಯಾಕೆ ಕೆಡಿಸೋದು ಅಂತ ಸುಮ್ನಿದ್ದೆ."

ಅಲ್ಲಿಂದ ಶುರುವಾಯ್ತು ನಮ್ಮ ರಿಪೇರಿ. ಮೊದಲು ರಿಮೋಟ್. ಅದರ ಮೂತಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾಗೆ ಹಿಡಿದು ಬಟನ್ ಒತ್ತಿಸಿದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಕ್ಯಾಮೆರಾದಲ್ಲಿ ನೇರಳೆಯಾಗಿ ಮಿನುಗಿದರೆ ರಿಮೋಟ್ ಸರಿಯಿದೆ ಅಂತ ಲೆಕ್ಕ. ಮಿನುಗಿತು. ಎರಡನೆಯದು ಮೋಡ್. ಫ್ಯಾನ್ ಮೋಡಿನಲ್ಲಿದ್ದರೆ ಬರೀ ಗಾಳಿ ಬರುತ್ತೆ, ಹಿಮದ ಹಳಕಿನ ಚಿತ್ರವೇ ಇರಬೇಕು. ಇತ್ತು. ಮೂರನೆಯದು ಸ್ಟೆಬಿಲೈಸರ್. ಬೇಸಿಗೆಯಲ್ಲಿ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡಿದರೆ ವೋಲ್ಟೇಜ್ ಬಿದ್ದುಹೋಗೋದು ನಮ್ಮೂರಿಗೆ ಹೊಸದಲ್ಲ. ಆದರೆ ಅದೂ 220 ತೋರಿಸ್ತಿತ್ತು.

"ಫಿಲ್ಟರ್ ತೊಳೆದಿದ್ಯಾ?"

"ಹೋದ ತಿಂಗಳು ನೀನೇ ಹೇಳ್ದೆ ಅಂತ ತೊಳೆದೆನಲ್ಲ!"

ಕೊನೆಗೆ ತಾರಸಿ ಮೇಲಿನ ಹೊರಗಿನ ಯೂನಿಟ್ ನೋಡೋಕೆ ಪಕ್ಕದ ಮನೆ ಹುಡುಗನನ್ನ ಹತ್ತಿಸಿದೆವು. "ಆಂಟಿ, ಐದು ನಿಮಿಷ ಓಡಿ ನಿಂತೋಗುತ್ತೆ. ಆಮೇಲೆ ಮತ್ತೆ ಓಡುತ್ತೆ" ಅಂದ. ಆಫ್ ಮಾಡಿ ಆನ್ ಮಾಡಿದಾಗ ಕಂಪ್ರೆಸರ್ ಸುಮಾರು ಮೂರು ನಿಮಿಷ ತಡವಾಗಿ ಶುರುವಾಗೋದು ಸಹಜ. ಆದರೆ ರೂಮು ಕಾದ ಹೆಂಚಿನಂತಿರುವಾಗ ತಾನಾಗೇ ನಿಂತರೆ? ಎಲ್ಲೋ ಲೆಕ್ಕ ತಪ್ಪಿದೆ.

ತರೀಕೆರೆಯಿಂದ ಮೆಕ್ಯಾನಿಕ್ ಬಂದ. ಮುಂದಿನ ಮುಚ್ಚಳ ತೆಗೆದವನೇ ನಕ್ಕ. ಒಳಗೆ ಫಿಲ್ಟರ್ ಹಿಂದೆ ತೆಳ್ಳನೆಯ ವೈರಿನ ತುದಿಯಲ್ಲಿ ಪುಟ್ಟ ಸೆನ್ಸರ್ ಇರುತ್ತೆ. ರೂಮಿನಿಂದ ಒಳಗೆ ಎಳೆದುಕೊಳ್ಳೋ ಗಾಳಿಯ ಬಿಸಿ ಅಳೆದು ಮಷೀನಿಗೆ ಹೇಳೋದು ಅದರ ಕೆಲಸ. ಫಿಲ್ಟರ್ ತೆಗೆದು ಹಾಕುವಾಗ ಅದು ಕ್ಲಿಪ್ಪಿನಿಂದ ಜಾರಿ ತಣ್ಣನೆಯ ಕಾಯಿಲ್‌ಗೆ ಅಂಟಿಕೊಂಡಿತ್ತು. ಅದಕ್ಕೆ ಸಿಕ್ಕಿದ್ದು ಕಾಯಿಲ್‌ನ ಚಳಿ. "ರೂಮು ತಣ್ಣಗಾಯ್ತು" ಅಂದುಕೊಂಡು ಎಸಿ ಕಂಪ್ರೆಸರ್ ನಿಲ್ಲಿಸ್ತಿತ್ತು. ಇನ್ನು ಹದಿನೆಂಟಾದರೇನು, ಇಪ್ಪತ್ತೆಂಟಾದರೇನು! ಸೆನ್ಸರನ್ನ ಕ್ಲಿಪ್ಪಿಗೆ ಸಿಕ್ಕಿಸಿದ, ಹತ್ತೇ ನಿಮಿಷದ ಕೆಲಸ.

ನಿಮ್ಮ ಮನೆಯಲ್ಲೂ ಹೀಗಾದರೆ ರಿಮೋಟ್, ಮೋಡ್, ವೋಲ್ಟೇಜ್, ಫಿಲ್ಟರ್ ಇಷ್ಟನ್ನು ನೀವೇ ನೋಡಿ. ಅದಕ್ಕಿಂತ ಒಳಗೆ ಕೈ ಹಾಕಬೇಡಿ. ಹೊರಗಿನ ಯೂನಿಟ್ಟಿನ ಕೆಪಾಸಿಟರಿನಲ್ಲಿ ಸ್ವಿಚ್ ಆಫ್ ಮಾಡಿದ ಮೇಲೂ ಕರೆಂಟು ಉಳಿದಿರಬಹುದು. ಕೆಲವು ರಿಮೋಟುಗಳಲ್ಲೇ ಸೆನ್ಸರ್ ಇರುತ್ತೆ. ಅಂಥ ಆಯ್ಕೆ ಆನ್ ಆಗಿದ್ದರೆ ರಿಮೋಟನ್ನು ದಿಂಬಿನಡಿ ಇಡಬೇಡಿ. ಇನ್ನೊಂದು ಮಾತು: 2020ರ ಜನವರಿಯಿಂದ ನಮ್ಮ ದೇಶದಲ್ಲಿ ಎಸಿಗಳು 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮವಿದೆ. ಸಾಮಾನ್ಯವಾಗಿ ಅಷ್ಟು ಸಾಕು, ಬಿಲ್ಲೂ ಹಗುರ.

ಆ ರಾತ್ರಿ ಅಪ್ಪ ಹೊದಿಕೆ ಹೊದ್ದು ಮಲಗಿದರಂತೆ. ನನಗೆ ಮಾತ್ರ ನಿದ್ದೆ ಹತ್ತಲಿಲ್ಲ. ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡ್ತೀನಿ. "ಚೆನ್ನಾಗಿದೀನಿ ಕಣಮ್ಮ" ಅಂತಾರೆ. ಅಷ್ಟು ಕೇಳಿ ನಾನೂ ಆ ಎಸಿ ಥರಾನೇ ಆಫ್ ಆಗಿಬಿಡ್ತಿದ್ದೆ. ಮನೆಯೊಳಗಿನ ಬಿಸಿ ನನಗೆ ತಟ್ಟುತ್ತಲೇ ಇರಲಿಲ್ಲ.

ಈಗ ವಾರಕ್ಕೆ ಎರಡು ಸಲ ವಿಡಿಯೊ ಕಾಲ್. ತಿಂಗಳಿಗೊಮ್ಮೆ ಕಡೂರಿಗೆ ರೈಲು. ಮತ್ತೆ, ಚಿಕ್ಕಮ್ಮನಿಗೆ ಫೋನ್ ಮಾಡೋದನ್ನಂತೂ ತಪ್ಪಿಸಲ್ಲ. ನಮ್ಮ ಮನೆಯ ಅಸಲಿ ಸೆನ್ಸರ್ ಇರೋದು ಅಜ್ಜಂಪುರದಲ್ಲಿ!