ಗಾರೆಯ ಲೆಕ್ಕ

ಚಾಲುಕ್ಯರ ರಾಜಧಾನಿಯಾಗಿದ್ದ ಬಸವಕಲ್ಯಾಣದಲ್ಲಾಗಲಿ, ನೆರೆಯ ಹುಮನಾಬಾದಿನಲ್ಲಾಗಲಿ, ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟು ಮೆತ್ತುವವರು ಗಾರೆಯನ್ನು ಸುಣ್ಣ-ಮರಳುಗಳ ಬರಿಯ ಮಿಶ್ರಣವೆಂದು ಭಾವಿಸುತ್ತಾರೆ. ಮರಳಿನ ಮಟ್ಟಿಗೆ ಅದು ಸರಿ. ಮರಳು ಕೊನೆಯವರೆಗೂ ಮರಳೇ. ಸುಣ್ಣದ ಬಾಳು ಬೇರೆ. ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಸುಣ್ಣಕಲ್ಲು, ಮೋಲ್ ಒಂದಕ್ಕೆ ಸುಮಾರು 178 ಕಿಲೋಜೌಲ್ ಶಕ್ತಿಯನ್ನು ಹೀರಿ, ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಸುಟ್ಟಸುಣ್ಣವಾಗುತ್ತದೆ. ನೀರೆರೆದೊಡನೆ ಅದು ಕೊತಕೊತನೆ ಕುದಿದು 65 ಕಿಲೋಜೌಲ್‌ಗಳನ್ನು ಹಿಂದಿರುಗಿಸುತ್ತದೆ. (ಆ ಸಿಡಿತ ಕಣ್ಣನ್ನೇ ಕೆಡಿಸಬಲ್ಲದು, ಮಕ್ಕಳು ಹತ್ತಿರ ಹೋಗಬಾರದು.) ಉಳಿದ 113? ಗೋಡೆಯೇರಿದ ಸುಣ್ಣವು ಗಾಳಿಯಿಂದ ಅದೇ ಅನಿಲವನ್ನು ವರ್ಷಗಟ್ಟಲೆ ಹೀರುತ್ತ, ಯಾರ ಅರಿವಿಗೂ ಬಾರದಷ್ಟು ಮೆಲ್ಲನೆ ಅದನ್ನೂ ತೀರಿಸಿ, ರಾಸಾಯನಿಕವಾಗಿ ಮತ್ತೆ ಸುಣ್ಣಕಲ್ಲಾಗುತ್ತದೆ. ಸೂಕ್ಷ್ಮ ರಂಧ್ರಗಳುಳ್ಳ ಈ ಗಾರೆಯ ಮೂಲಕ ಗೋಡೆಯ ತೇವ ಹೊರಹೋಗುತ್ತದೆ. ದಟ್ಟವಾದ ಸಿಮೆಂಟು ಅದನ್ನು ಒಳಗೇ ತಡೆಯುತ್ತದೆ. ಆಗ ತೇವದೊಡನೆ ಬಂದ ಲವಣಗಳು ಹರಳುಗಟ್ಟಿ ಪಕ್ಕದ ಕಲ್ಲನ್ನೇ ಪುಡಿಗೊಳಿಸುತ್ತವೆ. ಸುಣ್ಣದ ಗಾರೆ ಬಲಗೊಳ್ಳಲು ತಡವಾಗುತ್ತದೆಂಬ ದೂರು ಸುಳ್ಳಲ್ಲ. ಆದರೂ ಈ ಊರುಗಳ ಹಳೆಯ ಗೋಡೆಗಳ ದುರಸ್ತಿಗೆ ಅದನ್ನೇ ಬಳಸಬೇಕು.