ಹಿತ್ತಲ ಗಿಡದ ನಾದ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ವಿದ್ಯುತ್ ಗಿಟಾರನ್ನು ಕಂಡವರಲ್ಲ. ಅದರ ದನಿಯನ್ನು ಹಿಗ್ಗಿಸುವ ಆಂಪ್ಲಿಫೈಯರ್ ಯಂತ್ರವನ್ನಂತೂ ಕನಸಿನಲ್ಲಿಯೂ ಕಂಡಿರಲಾರರು. ಆದರೂ ಗಿಟಾರ್ ನುಡಿಸುವ ಇಂದಿನ ತರುಣರ ನಡುವೆ ಹತ್ತು ನಿಮಿಷ ಕುಳಿತು ಅವರ ಮಾತಿಗೆ ಕಿವಿಗೊಟ್ಟವರಿಗೆ, ಆ ಗಾದೆ ಇವರಿಗಾಗಿಯೇ ಹುಟ್ಟಿತೇನೋ ಎನ್ನಿಸದಿರದು. ಯಾವ ಯಂತ್ರ ಕೈಗೆಟಕುವ ಬೆಲೆಗೆ ಸಿಕ್ಕುವುದೋ, ಯಾವುದು ಪಕ್ಕದ ಊರಿನ ಅಂಗಡಿಯಲ್ಲಿಯೇ ದೊರೆಯುವುದೋ, ಯಾವುದು ಕೆಟ್ಟರೆ ರೇಡಿಯೋ ರಿಪೇರಿಯವನ ಮೇಜಿನ ಮೇಲೆ ಸಂಜೆಯೊಳಗೆ ಗುಣವಾಗುವುದೋ, ಅದು ಅವರ ಲೆಕ್ಕದಲ್ಲಿ ಯಂತ್ರವೇ ಅಲ್ಲ.

ಕನ್ನಡ ಪಾಠ ಹೇಳುವ ಮೇಷ್ಟರಿಗೆ ಈ ಉಸಾಬರಿ ಏಕೆ ಎಂದು ವಾಚಕರು ಕೇಳಬಹುದು. ಕಾಲೇಜಿನ ಸಾಂಸ್ಕೃತಿಕ ಸಮಿತಿಯ ಹೊಣೆ ಕನ್ನಡ ಅಧ್ಯಾಪಕನ ಹೆಗಲಿಗೆ ಬೀಳುವುದು ನಮ್ಮ ನಾಡಿನ ಹಳೆಯ ಸಂಪ್ರದಾಯ. ಅದರಲ್ಲಿಯೂ ಗೋಣಿಕೊಪ್ಪಲಿನಲ್ಲಿ ದಸರಾ ಬಂದಿತೆಂದರೆ ದಿನಕ್ಕೊಂದು ಕಾರ್ಯಕ್ರಮ. ಕೊನೆಯ ರಾತ್ರಿ ಮಂಟಪಗಳ ಶೋಭಾಯಾತ್ರೆ. ಹಾಡುವ, ಕುಣಿಯುವ, ನುಡಿಸುವ ಹುಡುಗರಿಗೆ ಇಡೀ ವರ್ಷದ ಗುರಿ ಅದೇ. ಕೊಡವ ಮದುವೆಯ ವಾಲಗಕ್ಕೆ ಈ ತಾಪತ್ರಯವಿಲ್ಲ. ಕೊಂಬು ಕೊಟ್ಟುಗಳು ತೋಟದಾಚೆಯ ಗದ್ದೆಯವರೆಗೂ ತಮ್ಮ ಶಕ್ತಿಯಿಂದಲೇ ಕೇಳಿಸಬಲ್ಲವು. ವಿದ್ಯುತ್ ಗಿಟಾರಿನ ಪಾಡು ಬೇರೆ. ಅದರ ಒಡಲು ಗಟ್ಟಿ ಮರ, ಒಳಗೆ ಟೊಳ್ಳಿಲ್ಲ. ತಂತಿಯನ್ನು ಮೀಟಿದರೆ ನುಡಿಸುವವನಿಗಷ್ಟೇ ಕೇಳಿಸುವಷ್ಟು ಸಣ್ಣ ಸದ್ದು. ತಂತಿಯ ಕೆಳಗಿನ ಅಯಸ್ಕಾಂತ ಮತ್ತು ಸುರುಳಿ ಆ ಕಂಪನವನ್ನು ವಿದ್ಯುತ್ತಿನ ತೆಳುವಾದ ಅಲೆಯನ್ನಾಗಿ ಮಾಡುತ್ತವೆ. ಅದನ್ನು ಬೆಳೆಸಿ ಸ್ಪೀಕರಿಗೆ ಒಪ್ಪಿಸುವುದು ಆಂಪ್ಲಿಫೈಯರಿನ ಕೆಲಸ. ಆದುದರಿಂದ ಅದು ವಾದ್ಯಕ್ಕೆ ಬರಿಯ ಸಹಾಯಕವಲ್ಲ, ವಾದ್ಯದ ಅರ್ಧಭಾಗ.

ಕೆಲವು ತಿಂಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನ ತಂದೆ ನಮ್ಮ ಮನೆಗೆ ಬಂದಿದ್ದರು. ಸಣ್ಣ ಕಾಫಿ ತೋಟದ ಯಜಮಾನರು. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ವಿಷಯಕ್ಕೆ ಬಂದರು.

“ಮೇಷ್ಟ್ರೇ, ಮೆಣಸು ಮಾರಿದ ದುಡ್ಡು ಒಂದಿಷ್ಟಿದೆ. ಮಗಳ ಹಾಸ್ಟೆಲಿಗೆಂದು ಇಟ್ಟದ್ದು. ಇವನಿಗೆ ಅದರಲ್ಲಿ ಒಂದು ಪೆಟ್ಟಿಗೆ ಬೇಕಂತೆ. ಇರುವ ಪೆಟ್ಟಿಗೆ ನಾಚಿಕೆಗೇಡು ಅನ್ನುತ್ತಾನೆ. ಎರಡು ತಿಂಗಳಾಯಿತು, ಗಿಟಾರನ್ನು ಮುಟ್ಟಿಯೇ ಇಲ್ಲ. ಹೆಸರಿನ ಪೆಟ್ಟಿಗೆಯಾದರೆ ನಿಜವಾಗಿಯೂ ಹೆಚ್ಚು ಚೆನ್ನಾಗಿ ಕೇಳಿಸುತ್ತದೆಯೇ? ನೀವೇ ಒಂದು ಮಾತು ಹೇಳಬೇಕು.”

ಆ ಪ್ರಶ್ನೆಗೆ ಹೌದು ಎಂದಾಗಲಿ, ಇಲ್ಲ ಎಂದಾಗಲಿ ಒಂದೇ ಮಾತಿನಲ್ಲಿ ಉತ್ತರ ಹೇಳಿದರೆ ಅದು ಅರ್ಧ ಸುಳ್ಳಾಗುತ್ತಿತ್ತು. ಆದುದರಿಂದ ಸ್ವಲ್ಪ ವಿಸ್ತಾರವಾಗಿಯೇ ವಿಚಾರ ಮಾಡೋಣ.

ಗಿಟಾರ್ ಲೋಕದಲ್ಲಿ ಮೂರು ಹೆಸರುಗಳಿಗೆ ಅಗ್ರಪೂಜೆ: ಅಮೆರಿಕೆಯ ಫೆಂಡರ್, ಇಂಗ್ಲೆಂಡಿನ ಮಾರ್ಷಲ್ ಮತ್ತು ವಾಕ್ಸ್. ಇವು ಯೋಗ್ಯವಲ್ಲವೆಂದು ಯಾರೂ ಹೇಳಲಾರರು. ಆದರೆ ಇವುಗಳಲ್ಲಿ ಮಾರ್ಷಲ್ ಮನೆತನದ ಮೂಲವನ್ನು ಸ್ವಲ್ಪ ಕೆದಕಿ ನೋಡಬೇಕು. ಜಿಮ್ ಮಾರ್ಷಲ್ ಲಂಡನ್ನಿನಲ್ಲಿ ಡ್ರಮ್ ಕಲಿಸುತ್ತ, ವಾದ್ಯಗಳ ಅಂಗಡಿ ಇಟ್ಟುಕೊಂಡಿದ್ದವನು. ಅಮೆರಿಕೆಯಿಂದ ಬರುತ್ತಿದ್ದ ಫೆಂಡರ್ ಯಂತ್ರಗಳು ಅಲ್ಲಿಯ ಹುಡುಗರಿಗೆ ಬಲು ದುಬಾರಿಯಾಗಿದ್ದುವು. ೧೯೬೨ರಲ್ಲಿ ಅವನೂ ಅವನ ಅಂಗಡಿಯ ಕುಶಲಿಗಳೂ ಸೇರಿ ಫೆಂಡರಿನ ‘ಬಾಸ್‌ಮನ್’ ಎಂಬ ಯಂತ್ರವನ್ನು ಮುಂದಿಟ್ಟುಕೊಂಡು, ತಮ್ಮ ಊರಿನಲ್ಲಿ ಸಿಕ್ಕುವ ಬಿಡಿಭಾಗಗಳಿಂದ ಅಂಥದೇ ಒಂದನ್ನು ಕಟ್ಟಿದರು. ಇಂದು ಸಿಂಹಾಸನದ ಮೇಲೆ ಕುಳಿತಿರುವ ಮಾರ್ಷಲ್ ಅಂದು ಲಂಡನ್ನಿನ ಹಿತ್ತಲ ಗಿಡವೇ! ಬಿಡಿಭಾಗಗಳು ಬೇರೆಯಾದುದರಿಂದ ದನಿಯೂ ಸ್ವಲ್ಪ ಬೇರೆಯಾಯಿತು. ಆ ವ್ಯತ್ಯಾಸವೇ ಮುಂದೆ ಅದರ ಕೀರ್ತಿಗೆ ಕಾರಣವಾಯಿತು.

ಕೀರ್ತಿಯ ಈ ವಿಚಿತ್ರ ನಡಿಗೆ ಸಾಹಿತ್ಯದವರಿಗೆ ಹೊಸದಲ್ಲ. ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯರಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪನವರು, ಎಂದರೆ ನಮ್ಮ ಮುದ್ದಣ ಕವಿ, ತಮ್ಮ ಕಾವ್ಯಗಳನ್ನು ತಮ್ಮವೆಂದು ಹೇಳಿಕೊಳ್ಳದೆ ಹಳೆಯ ಕೃತಿಗಳೆಂಬಂತೆ ಮೈಸೂರಿನ ಪ್ರಕಾಶಕರಿಗೆ ಕಳುಹಿಸಿದರು. ಕಾರಣವೇನೇ ಇರಲಿ, ವಿದ್ವಾಂಸರು ಅವನ್ನು ಹಳೆಯ ಕವಿಯ ಕೃತಿಗಳೆಂದೇ ಬಗೆದು ಆದರಿಸಿದರು. ೧೯೦೧ರಲ್ಲಿ, ಇನ್ನೂ ಮೂವತ್ತೊಂದು ವಯಸ್ಸಿನಲ್ಲಿಯೇ, ಕವಿ ತೀರಿಕೊಂಡರು. ‘ಶ್ರೀರಾಮಾಶ್ವಮೇಧ’ದ ಸವಿ ಬರೆದವರ ಹೆಸರು ತಿಳಿಯುವ ಮೊದಲೂ ಅಷ್ಟೇ, ತಿಳಿದ ಮೇಲೂ ಅಷ್ಟೇ. ಆದರೆ ಮನುಷ್ಯನ ಕಿವಿ ಕಣ್ಣಿನ ಅಪ್ಪಣೆಯಿಲ್ಲದೆ ತೀರ್ಪು ಕೊಡುವುದು ಅಪರೂಪ. ವೇದಿಕೆಯ ಮೇಲೆ ಹೆಸರಾಂತ ವಾದಕನ ಬೆನ್ನ ಹಿಂದೆ ಯಾವ ಪೆಟ್ಟಿಗೆ ಕಾಣಿಸುತ್ತದೆಯೋ ಅದರ ನಾದವೇ ಇಂಪು. ಚಿತ್ರದಲ್ಲಿ ಕಾಣಿಸದ ಪೆಟ್ಟಿಗೆಯದು ಬರಿಯ ಸದ್ದು.

ಅಗ್ಗದ ಬೆಲೆ ಎರಡನೆಯ ದೋಷ. ಅಮೆರಿಕೆಯ ಸಿಯರ್ಸ್ ಅಂಗಡಿ ಅಂಚೆಯ ಮೂಲಕ ‘ಸಿಲ್ವರ್‌ಟೋನ್’ ಎಂಬ ಹೆಸರಿನ ಗಿಟಾರುಗಳನ್ನು ಮಾರುತ್ತಿತ್ತು. ೧೯೬೦ರ ದಶಕದಲ್ಲಿ ಗಿಟಾರನ್ನು ಇಡುವ ಪೆಟ್ಟಿಗೆಯೊಳಗೇ ಆಂಪ್ಲಿಫೈಯರನ್ನು ಕೂಡಿಸಿ ಬಡ ಹುಡುಗರ ಮನೆಗೆ ಮುಟ್ಟಿಸಿತು. ಅನುಕೂಲಸ್ಥರು ಅದನ್ನು ಆಟದ ಸಾಮಾನೆಂದು ನಕ್ಕರು. ಅದೇ ಸಿಲ್ವರ್‌ಟೋನ್ ಯಂತ್ರಗಳನ್ನು ಈಗ ವಾದಕರು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ.

ಎಲ್ಲೆಡೆಯೂ ಇರುವುದು ಮೂರನೆಯ ದೋಷ. ಹಾರ್ಟ್ಲಿ ಪೀವಿ ೧೯೬೫ರಲ್ಲಿ ಮಿಸಿಸಿಪಿ ಸಂಸ್ಥಾನದ ಮೆರಿಡಿಯನ್ ಎಂಬ ಊರಿನಲ್ಲಿ ತನ್ನ ಹೆಸರಿನ ಕಾರ್ಖಾನೆಯನ್ನು ಆರಂಭಿಸಿದ. ಬಿದ್ದರೂ ಎದ್ದು ನುಡಿಯುವ ಗಟ್ಟಿ ಯಂತ್ರಗಳು. ಶಾಲೆ, ಚರ್ಚು, ಸಣ್ಣ ಪುಟ್ಟ ಮೇಳ, ಎಲ್ಲಿ ನೋಡಿದರೂ ಅವೇ. ದಿನವೂ ಕಾಣುವ ವಸ್ತುವನ್ನು ಯಾರು ತಾನೇ ಕಣ್ಣರಳಿಸಿ ನೋಡುತ್ತಾರೆ? ಕೆಡದಿರುವುದೇ ಅದರ ಕೀರ್ತಿಗೆ ಅಡ್ಡಿಯಾಯಿತು.

ನಾಲ್ಕನೆಯದು ಜಾತಿಭೇದ! ಗಾಜಿನ ವಾಲ್ವುಗಳುಳ್ಳ ಯಂತ್ರವೇ ಮೇಲು, ಟ್ರಾನ್ಸಿಸ್ಟರಿನದು ಕೀಳು ಎಂಬ ನಂಬಿಕೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ವಾಲ್ವ್ ಯಂತ್ರವನ್ನು ಅದರ ಶಕ್ತಿಗೆ ಮೀರಿ ದುಡಿಸಿದಾಗ ದನಿ ಮೆಲ್ಲಮೆಲ್ಲನೆ ಒಡೆದು ಒಂದು ಬಗೆಯ ಮಾಗಿದ ಗೊಗ್ಗರತೆಯನ್ನು ಪಡೆಯುತ್ತದೆ. ಟ್ರಾನ್ಸಿಸ್ಟರಿನದು ಫಕ್ಕನೆ ಕರ್ಕಶವಾಗುತ್ತದೆ. ೧೯೬೦ರ ದಶಕದ ಮೊದಲ ಟ್ರಾನ್ಸಿಸ್ಟರ್ ಯಂತ್ರಗಳು ಬೇಗ ಕೆಡುತ್ತಿದ್ದುದೂ ಉಂಟು. ಆದರೆ ಜಪಾನಿನ ರೋಲಾಂಡ್ ಸಂಸ್ಥೆ ೧೯೭೫ರಲ್ಲಿ ಹೊರತಂದ ‘ಜಾಸ್ ಕೋರಸ್’ ಟ್ರಾನ್ಸಿಸ್ಟರ್ ಯಂತ್ರವೇ. ಅದರ ತಿಳಿದನಿಗೆ ಮಾರುಹೋಗದವರು ವಿರಳ. ಬ್ಲೂಸ್ ಸಂಗೀತದ ಮಹಾವಾದಕ ಬಿ. ಬಿ. ಕಿಂಗ್ ಬಹುಕಾಲ ಮೆಚ್ಚಿ ನುಡಿಸಿದ ‘ಲ್ಯಾಬ್ ಸೀರೀಸ್’ ಕೂಡ ಅದೇ ಜಾತಿಯದು. ಬೆರಳಿನಲ್ಲಿ ಸಂಗೀತವಿದ್ದವನ ಬಳಿ ಈ ಭೇದ ಹೆಚ್ಚು ಹೊತ್ತು ನಿಲ್ಲದು.

ವಾಲ್ವಿನ ಮಾತು ಬಂದುದರಿಂದ ನಮ್ಮ ನಾಡಿನ ಒಂದು ಸಂಗತಿಯನ್ನು ಹೇಳಲೇಬೇಕು. ಬೀಟಲ್ಸ್ ತಂಡದವರು ನುಡಿಸಿದ, ಇಂದಿಗೂ ಹುಡುಗರು ಕೈಮುಗಿಯುವ ವಾಕ್ಸ್ ‘ಎಸಿ-೩೦’ ಯಂತ್ರದ ಹೃದಯವೆಂದರೆ ‘ಇಎಲ್-೮೪’ ಎಂಬ ಹೆಸರಿನ ನಾಲ್ಕು ವಾಲ್ವುಗಳು. ಇದು ಗಿಟಾರಿಗೆಂದು ಹುಟ್ಟಿದ ವಿಶೇಷ ವಾಲ್ವಲ್ಲ. ನಮ್ಮ ತಾತಂದಿರ ಮನೆಗಳಲ್ಲಿ ಕಸೂತಿ ಹಾಕಿದ ಮುಸುಕು ಹೊದ್ದು ಕುಳಿತಿರುತ್ತಿದ್ದ ಎಷ್ಟೋ ರೇಡಿಯೋಗಳಲ್ಲಿ ವಾರ್ತೆಯನ್ನೂ ಸುಗಮ ಸಂಗೀತವನ್ನೂ ಕೇಳಿಸುತ್ತಿದ್ದುದು ಇದೇ ಬಗೆಯ ವಾಲ್ವು. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ೧೯೫೪ರಲ್ಲಿ ಸ್ಥಾಪಿತವಾಗಿ, ೧೯೬೧ರಿಂದ ರೇಡಿಯೋ ವಾಲ್ವುಗಳನ್ನೂ ೧೯೬೨ರಿಂದ ಜರ್ಮೇನಿಯಂ ಟ್ರಾನ್ಸಿಸ್ಟರಿನ ಬಗೆಯ ಸಾಮಗ್ರಿಗಳನ್ನೂ ತಯಾರಿಸತೊಡಗಿತು. ಅಲ್ಲಿಯ ಇಎಲ್-೮೪ ವಾಲ್ವುಗಳನ್ನು ಹೊರದೇಶದ ಗಿಟಾರ್ ವಾದಕರು ಇಂದು ತಮ್ಮ ಯಂತ್ರಗಳಿಗೆ ಕೊಂಡು ಹಾಕಿಕೊಳ್ಳುತ್ತಾರೆ. ನಾವಾದರೋ ಆ ರೇಡಿಯೋಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದೆವು. ಕನ್ನಡ ನಾಡಿನಲ್ಲಿ ಹುಟ್ಟಿದ ಗಾಜಿನ ಬುರುಡೆ ಸಮುದ್ರ ದಾಟಿದ ಮೇಲೆ ನಾದದ ಖನಿಯಾಯಿತು. ಇಲ್ಲಿದ್ದಷ್ಟು ಕಾಲ ಅದು ಬರಿಯ ರೇಡಿಯೋ ಸಾಮಾನು.

ಇನ್ನು ನಮ್ಮ ಅಂಗಡಿಗಳಲ್ಲಿ ಸಿಕ್ಕುವ ದೇಶೀಯ ಯಂತ್ರಗಳ ವಿಚಾರ. ದೆಹಲಿಯ ಅಹುಜಾ ಸಂಸ್ಥೆ ೧೯೪೦ರಿಂದ ನಡೆದು ಬಂದಿದೆ. ಹರಿಕಥೆ, ಚುನಾವಣಾ ಭಾಷಣ, ಶಾಲೆಯ ವಾರ್ಷಿಕೋತ್ಸವ, ಇವುಗಳಲ್ಲಿ ಅದರ ಯಂತ್ರದ ಮುಂದೆ ಕೂರದ ಭಾರತೀಯನು ಇರಲಾರನು. ಗಿಟಾರನ್ನು ಇದಕ್ಕೆ ನೇರವಾಗಿ ಜೋಡಿಸಿದರೆ ದನಿ ಒಣಗಿದಂತೆ ಕೇಳಿಸುವುದು ನಿಜ; ಆದರೆ ಅದು ಯಂತ್ರದ ದೋಷವಲ್ಲ. ಮಾತನ್ನು ಇದ್ದಂತೆ ಮುಟ್ಟಿಸುವುದು ಅದರ ಧರ್ಮ; ಗಿಟಾರಿನ ಯಂತ್ರವಾದರೋ ದನಿಗೆ ಬಣ್ಣ ಕಟ್ಟಬೇಕು, ಅದರ ಸ್ಪೀಕರು ಕಿರಿಚುವ ಮೇಲುಸ್ವರಗಳನ್ನು ಅಡಗಿಸಬೇಕು. ಆ ಬಣ್ಣವನ್ನು ಕಟ್ಟುವ ಸಣ್ಣ ಉಪಕರಣವೊಂದನ್ನು ನಡುವೆ ಇಟ್ಟರೆ ಅಹುಜಾದಲ್ಲಿಯೂ ಗಿಟಾರು ಅಂದವಾಗಿ ನುಡಿಯುತ್ತದೆ. ಸ್ಟ್ರೇಂಜರ್, ಪಾಲ್ಕೊ ಎಂಬ ದೇಶೀಯ ಮಾರ್ಕುಗಳು ಗಿಟಾರಿಗೆಂದೇ ಪೆಟ್ಟಿಗೆಗಳನ್ನು ಮಾಡಿ, ಎಷ್ಟೋ ಹುಡುಗರಿಗೆ ಮೊದಲ ಯಂತ್ರಗಳಾಗಿವೆ. ಅವು ಎಸಿ-೩೦ರ ಸಮಾನವೆಂದು ನಾನು ವಾದಿಸುವುದಿಲ್ಲ. ಓನಾಮ ತಿದ್ದಿಸಿದ ಅಯ್ಯನವರನ್ನು ಮಹಾಮಹೋಪಾಧ್ಯಾಯರೊಡನೆ ಹೋಲಿಸಿ ಹೀಗಳೆಯುವುದು ನ್ಯಾಯವಲ್ಲ ಎಂದಷ್ಟೇ ನನ್ನ ವಾದ.

ಮಕ್ಕಳಿಗೆ ಯಂತ್ರ ಕೊಡಿಸಬೇಕಾದ ತಂದೆತಾಯಿಗಳಿಗೆ ಮೂರು ಮಾತು. ಒಂದು, ವಾಟಿನ ಲೆಕ್ಕಕ್ಕೆ ಮರುಳಾಗಬಾರದು. ಸ್ಪೀಕರು ಒಂದೇ ಬಗೆಯದಾದರೆ, ೧೦೦ ವಾಟಿನ ಯಂತ್ರ ೧೦ ವಾಟಿನದಕ್ಕಿಂತ ಹತ್ತು ಪಟ್ಟು ಗಟ್ಟಿಯಾಗಿ ಕೇಳಿಸುವುದಿಲ್ಲ. ನಮ್ಮ ಕಿವಿಗೆ ಅದು ಸುಮಾರು ಎರಡು ಪಟ್ಟು ಮಾತ್ರ. ಮನೆಯ ಕೋಣೆಗೆ ಹತ್ತೇ ಧಾರಾಳ. ಎರಡು, ಅಮೆರಿಕೆಯಲ್ಲಿರುವ ನೆಂಟರು ಪ್ರೀತಿಯಿಂದ ಯಂತ್ರ ತಂದುಕೊಟ್ಟರೆ ಅದರ ಬೆನ್ನಿನ ಮೇಲಿನ ಬರಹವನ್ನು ಮೊದಲು ಓದಬೇಕು. ಅಲ್ಲಿಯ ವಿದ್ಯುತ್ತು ೧೨೦ ವೋಲ್ಟು, ನಮ್ಮದು ೨೩೦. ತಕ್ಕ ಟ್ರಾನ್ಸ್‌ಫಾರ್ಮರ್ ಇಲ್ಲದೆ ಚುಚ್ಚಿದರೆ ನಾದದ ಬದಲು ಹೊಗೆ ಬಂದೀತು. ಮೂರು, ನಮ್ಮ ಕೊಡಗಿನ ಮಳೆಗಾಲ. ಸ್ಪೀಕರಿನ ಎದೆ ಕಾಗದದ್ದು. ತಿರುಗುಗುಂಡಿಗಳ ಒಳಗೆ ತೇವ ಸೇರಿದರೆ ಕರಕರ ಸದ್ದು. ನೆಲದಿಂದ ಎತ್ತರಿಸಿ, ಬೆಚ್ಚಗಿನ ಕೋಣೆಯಲ್ಲಿಟ್ಟು, ವಾರಕ್ಕೆರಡು ಬಾರಿ ನುಡಿಸಿದ ಅಗ್ಗದ ಯಂತ್ರ, ಮುಸುಕು ಹಾಕಿ ಮೂಲೆಗಿಟ್ಟ ದುಬಾರಿ ಯಂತ್ರಕ್ಕಿಂತ ಚೆನ್ನಾಗಿ ಬಾಳುತ್ತದೆ.

ಹೆಸರಿನ ಯಂತ್ರಕ್ಕೆ ಒಂದು ನಿಜವಾದ ಗುಣವಿದೆ, ಅದನ್ನು ಮುಚ್ಚಿಡಬಾರದು: ಮರಳಿ ಮಾರುವಾಗ ಅದಕ್ಕೆ ಬೆಲೆ ಸಿಕ್ಕುತ್ತದೆ. ಆದರೆ ಇದು ವರ್ತಕನ ಲೆಕ್ಕ, ವಾದಕನದಲ್ಲ. ಹೆಸರಿಲ್ಲದ ಒಳ್ಳೆಯ ಯಂತ್ರವನ್ನು ಎರಡನೆಯ ಕೈಯಿಂದ ಕೊಳ್ಳುವವನಿಗೆ ಇದೇ ಲೆಕ್ಕ ಲಾಭವಾಗಿ ತಿರುಗುತ್ತದೆ. ಲೋಕದ ಅನಾದರ ಅವನ ಜೇಬಿಗೆ ಉಳಿತಾಯ.

ಆ ವಿದ್ಯಾರ್ಥಿಗೆ ನಾನು ಉಪದೇಶ ಮಾಡಲಿಲ್ಲ. ಕಾಲೇಜಿನ ಸಭಾಂಗಣದಲ್ಲಿ ಮೂರು ಯಂತ್ರಗಳನ್ನಿರಿಸಿ, ಅವನನ್ನು ಬೆನ್ನು ತಿರುಗಿಸಿ ಕೂರಿಸಿ, ಅವನ ಗೆಳೆಯನಿಂದ ಒಂದೇ ರಾಗವನ್ನು ಮೂರರಲ್ಲಿಯೂ ನುಡಿಸಿದೆವು. ಗಟ್ಟಿಯಾಗಿ ನುಡಿಸಿದಾಗ ತನ್ನ ಸಣ್ಣ ಪೆಟ್ಟಿಗೆಯನ್ನು ಅವನು ತಕ್ಷಣ ಗುರುತಿಸಿದ. ಅದು ನಿಜವಾಗಿಯೂ ಏದುಸಿರು ಬಿಡುತ್ತಿತ್ತು. ಮೆಲ್ಲಗೆ ನುಡಿಸಿದಾಗ ಮಾತ್ರ “ಇದೇ ಸರ್, ಇದೇ ನನಗೆ ಬೇಕಾದದ್ದು” ಎಂದು ಮೆಚ್ಚಿದ್ದು ಅದೇ ಪೆಟ್ಟಿಗೆಯನ್ನು. ಹುಡುಗ ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. ಕೊನೆಗೆ ವೇದಿಕೆಗೆಂದು ಅಷ್ಟು ಹೆಸರಿಲ್ಲದ ಮಧ್ಯಮ ಗಾತ್ರದ ಹಳೆಯ ಯಂತ್ರವೊಂದನ್ನು ಕೊಂಡರು. ಮೆಣಸಿನ ಹಣದಲ್ಲಿ ಬಹುಪಾಲು ತಂಗಿಯ ಹಾಸ್ಟೆಲಿಗೇ ಹೋಯಿತು. ಸಣ್ಣ ಪೆಟ್ಟಿಗೆ ಮನೆಯ ಅಭ್ಯಾಸಕ್ಕೆ ಉಳಿದಿದೆ.

ಯಂತ್ರದ ಮಾರ್ಕು ಕಡೆಗಣಿತವಾದರೆ ಆ ಕಾರ್ಖಾನೆಯವರಿಗೆ ನಷ್ಟವಾದೀತು. ಅದು ನಮಗೆ ದೊಡ್ಡ ಚಿಂತೆಯಲ್ಲ. ಒಳ್ಳೆಯ ಹೆಸರು ಕೈಗೆಟಕಲಿಲ್ಲವೆಂದು ಹದಿನೆಂಟರ ಹುಡುಗನೊಬ್ಬ ವಾದ್ಯವನ್ನೇ ಕೆಳಗಿಟ್ಟರೆ ಆ ನಷ್ಟ ಮಾತ್ರ ಮನೆಯದು, ಊರಿನದು. ಎಷ್ಟು ಅಟ್ಟಗಳ ಮೇಲೆ ಎಷ್ಟು ಗಿಟಾರುಗಳು, ಎಷ್ಟು ವೀಣೆ ಹಾರ್ಮೋನಿಯಮ್ಮುಗಳು, ಇದಕ್ಕಿಂತ ಉತ್ತಮವಾದುದು ಬರಲೆಂದು ಕಾಯುತ್ತ ಧೂಳು ತಿನ್ನುತ್ತಿವೆಯೋ! ವಾಚಕರ ಮನೆಯಲ್ಲಿಯೂ ಅಂಥದೊಂದಿದ್ದರೆ ಈ ಭಾನುವಾರ ಕೆಳಗಿಳಿಸಿ, ಧೂಳು ಒರೆಸಿ, ಮಕ್ಕಳ ಕೈಗೆ ಕೊಡಿ. ಅದರ ಮೇಲೆ ಯಾರ ಹೆಸರಿದೆಯೆಂದು ಆಮೇಲೆ ನೋಡಿದರಾಯಿತು.