ಪೆಟ್ಟಿಗೆಯ ಮೇಲಿನ ವಾಟ್

ಕಲ್ಯಾಣದುರ್ಗದ ಬಳಿಯಿರುವ ನನ್ನ ತಂಗಿಯ ಮಗ ಕಳೆದ ಬೇಸಿಗೆಯಲ್ಲಿ ತಾನೇ ಒಂದು ಕಂಪ್ಯೂಟರನ್ನು ಜೋಡಿಸಿದನು. ಕಡಲೆಕಾಯಿ ಮಾರಿದ ಹಣದಲ್ಲಿ ಅವನ ತಂದೆ ಬಿಡಿಭಾಗಗಳನ್ನು ತರಿಸಿಕೊಟ್ಟಿದ್ದರು. ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಎಲ್ಲವನ್ನೂ ಹುಡುಗ ವಿಚಾರಿಸಿಯೇ ಆರಿಸಿದ್ದನು. ಎಸ್‌ಎಂಪಿಎಸ್ ಮಾತ್ರ ಕ್ಯಾಬಿನೆಟ್ಟಿನೊಡನೆ ಬಂದದ್ದು. ಎರಡು ತಿಂಗಳಾಗುವಷ್ಟರಲ್ಲಿ ಒಂದು ಸಂಜೆ ಸುಟ್ಟ ವಾಸನೆ ಬಂದಿತು; ಎಸ್‌ಎಂಪಿಎಸ್ ತಾನು ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು.

ಅದರ ಮೇಲೆ ದಪ್ಪ ಅಕ್ಷರದಲ್ಲಿ 450 ವಾಟ್ ಎಂದಿತ್ತು. ಆದರೆ ಬದಿಯ ಚೀಟಿಯನ್ನು ಓದಿದಾಗ 12 ವೋಲ್ಟಿನ ಸಾಲಿನಲ್ಲಿ ಇದ್ದುದು 16 ಆಂಪಿಯರ್. ಗುಣಿಸಿ ನೋಡಿರಿ: 192 ವಾಟ್. ಇಂದಿನ ಕಂಪ್ಯೂಟರಿನಲ್ಲಿ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಉಣ್ಣುವುದು ಬಹುಮಟ್ಟಿಗೆ ಈ 12 ವೋಲ್ಟಿನ ತಟ್ಟೆಯಿಂದಲೇ. ಉಳಿದ 5 ಮತ್ತು 3.3 ವೋಲ್ಟುಗಳ ಲೆಕ್ಕವನ್ನು ಕೂಡಿಸಿ ದೊಡ್ಡ ಸಂಖ್ಯೆ ಬರೆದರೆ ಏನು ಪ್ರಯೋಜನ?

ಹುಡುಗನ ಯಂತ್ರದ ಅಗತ್ಯವನ್ನು ನಾವಿಬ್ಬರೂ ಕುಳಿತು ಲೆಕ್ಕ ಹಾಕಿದೆವು. ಪ್ರೊಸೆಸರಿಗೆ ಹೆಚ್ಚೆಂದರೆ 90, ಗ್ರಾಫಿಕ್ಸ್ ಕಾರ್ಡಿಗೆ 130, ಮದರ್‌ಬೋರ್ಡ್, ಡಿಸ್ಕ್, ಫ್ಯಾನುಗಳಿಗೆ ಸುಮಾರು 50; ಒಟ್ಟು 270 ವಾಟ್. ಇದರ ಮೇಲೆ ಅರ್ಧದಷ್ಟು ಬಿಡುವು ಇರಬೇಕು. ಹಾಗಾಗಿ ನಿಜವಾದ 450 ವಾಟ್ ಸಾಕು. ಪಾಠ, ಬರವಣಿಗೆಗಳಿಗೆ ಮಾತ್ರ ಬಳಸುವ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಕ್ಕೆ ನಿಜವಾದ 300 ಕೂಡ ಧಾರಾಳ.

650 ವಾಟಿನದನ್ನು ಕೊಂಡರೆ ಕರೆಂಟ್ ಬಿಲ್ಲು ಏರುವುದೇ ಎಂದು ಹಿಂದೂಪುರದ ಪೋಷಕರೊಬ್ಬರು ಕೇಳಿದ್ದಾರೆ. ಏರುವುದಿಲ್ಲ. ಯಂತ್ರ ಬೇಡಿದಷ್ಟನ್ನೇ ಅದು ಎಳೆಯುತ್ತದೆ. ಬಾವಿ ದೊಡ್ಡದಾದ ಮಾತ್ರಕ್ಕೆ ಹೆಚ್ಚು ನೀರು ಸೇದಬೇಕೆಂದೇನೂ ಇಲ್ಲ. ‘80 ಪ್ಲಸ್’ ಎಂಬ ಗುರುತು ಹೇಳುವುದು ಇನ್ನೊಂದು ಸಂಗತಿಯನ್ನು: ಒಳಬಂದ ವಿದ್ಯುತ್ತಿನಲ್ಲಿ ಶೇ. 80ರಷ್ಟಾದರೂ ಉಪಯೋಗಕ್ಕೆ ಬರುತ್ತದೆ, ಉಳಿದದ್ದು ಶಾಖವಾಗುತ್ತದೆ.

ನಮ್ಮ ಸೀಮೆಯವರು ನೋಡಬೇಕಾದ ಮಾತುಗಳು ಚೀಟಿಯಲ್ಲಿ ಇನ್ನೆರಡಿವೆ. ಒಂದು, ಒಳಬರುವ ವೋಲ್ಟೇಜ್. ಮನೆಗೆ 230 ವೋಲ್ಟ್ ಬರಬೇಕೆಂಬುದು ನಿಯಮವಾದರೂ ಕೊಳವೆಬಾವಿಯ ಮೋಟಾರುಗಳು ಒಟ್ಟಿಗೆ ಎದ್ದಾಗ ಹಳ್ಳಿಯ ದೀಪ ಮಂಕಾಗುವುದನ್ನು ಎಲ್ಲರೂ ಕಂಡಿದ್ದೇವೆ. ವೋಲ್ಟೇಜ್ ಕುಸಿದಷ್ಟೂ ಎಸ್‌ಎಂಪಿಎಸ್ ಹೆಚ್ಚು ಆಂಪಿಯರ್ ಎಳೆದು ಕಾಯುತ್ತದೆ. 200–240 ಎಂದಿರುವುದಕ್ಕಿಂತ 100–240 ಎಂದಿರುವುದು ನಮಗೆ ಲೇಸು. ಇನ್ನೊಂದು, ಆ ಸಾಮರ್ಥ್ಯ ಎಷ್ಟು ಬಿಸಿಯಲ್ಲಿ ದೊರೆಯುತ್ತದೆ ಎಂಬುದು. ಒಳ್ಳೆಯ ತಯಾರಕರು 40 ಅಥವಾ 50 ಡಿಗ್ರಿ ಎಂದು ತಿಳಿಸುತ್ತಾರೆ. ನಮ್ಮ ಏಪ್ರಿಲ್ಲಿಗೆ 25 ಡಿಗ್ರಿಯ ಮಾತು ಯಾವ ಲೆಕ್ಕ!

ಕ್ಯಾಬಿನೆಟ್ಟನ್ನು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಹುಡುಗ ಮೊದಲ ವಾರವೇ ಹೇಳಿದ್ದನಂತೆ. ಯಾರೂ ಕಿವಿಗೊಡಲಿಲ್ಲ. ಅದು ಅರ್ತಿಂಗ್ ಇಲ್ಲವೆಂಬ ಸೂಚನೆ. ಗೋಡೆಯ ಸಾಕೆಟ್ಟಿನಲ್ಲಿ ಮೂರನೆಯ ತೂತು ಇತ್ತು, ತಂತಿ ಇರಲಿಲ್ಲ. ಈಗ ಎಲೆಕ್ಟ್ರಿಷಿಯನ್ನನ್ನು ಕರೆಸಿ ಹಿತ್ತಲಲ್ಲಿ ಗುಂಡಿ ತೆಗೆಸಿ, ಇದ್ದಿಲು, ಉಪ್ಪು ತುಂಬಿಸಿದ್ದಾರೆ. ಒಣನೆಲವಾದುದರಿಂದ ಬೇಸಿಗೆಯಲ್ಲಿ ಅದಕ್ಕೆ ಆಗಾಗ ನೀರು ಹಾಕಬೇಕು. ಆ ಕೆಲಸವನ್ನು ಹುಡುಗನೇ ವಹಿಸಿಕೊಂಡಿದ್ದಾನೆ. ಹೊಸ ಮದರ್‌ಬೋರ್ಡು ಮಾತ್ರ ಮುಂದಿನ ಫಸಲಿಗೆ ಕಾದಿದೆ.